ಹಳೆಯ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಹೊಸ ತಂತ್ರಾಂಶ: ಬಿಲ್ಡ್ ಮುರಿದಾಗ ಎಲ್ಲಿ ನೋಡಬೇಕು

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ನಾನು ಸದಸ್ಯೆಯಾಗಿರುವ ಕನ್ನಡ ಸಂಘಕ್ಕೆ ಒಂದು ಪುಟ್ಟ ಕೊಠಡಿಯಿದೆ. ಅಲ್ಲಿನ ಕಪಾಟಿನಲ್ಲಿ ಸಂಘದ ರಾಜ್ಯೋತ್ಸವ ಸಂಚಿಕೆಗಳು, ನಾಟಕಗಳ ಕರಪತ್ರಗಳು, ಸದಸ್ಯರು ಬರೆದ ಕಥೆ-ಕವನಗಳ ಕಟ್ಟುಗಳು ಇವೆ. ಮೊದಮೊದಲಿನವು ಕೈಬರಹದ ಪುಟಗಳನ್ನು ಜೆರಾಕ್ಸ್ ಮಾಡಿ ಹೊಲಿದವು. ಆಮೇಲಿನವು ಬೆಂಗಳೂರಿನಲ್ಲಿ ಅಚ್ಚಾಗಿ, ಯಾರದೋ ಸೂಟ್‌ಕೇಸಿನಲ್ಲಿ ಕುಳಿತು ಇಲ್ಲಿಗೆ ಬಂದವು. ಕಾಗದ ಹಳದಿಗಟ್ಟಿದೆ, ಕೆಲವು ಪುಟಗಳು ಮುಟ್ಟಿದರೆ ಪುಡಿಯಾಗುತ್ತವೆ. ಬಹುಪಾಲು ಸಂಚಿಕೆಗಳಿಗೆ ಬೇರೆ ಪ್ರತಿಯಿಲ್ಲ.

ಇವುಗಳನ್ನು ಸ್ಕ್ಯಾನ್ ಮಾಡುವ ಕೆಲಸವನ್ನು ನಮ್ಮ ಹಿರಿಯರೊಬ್ಬರು ವಹಿಸಿಕೊಂಡಿದ್ದಾರೆ. ನಿವೃತ್ತ ಶಾಲಾ ಶಿಕ್ಷಕರಾದ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತೇವೆ. ವಾರಕ್ಕೆ ಎರಡು ಮಧ್ಯಾಹ್ನ, ಹನ್ನೊಂದು ತಿಂಗಳು, ಒಂದೊಂದೇ ಪುಟವನ್ನು ಅವರು ಗಾಜಿನ ಮೇಲಿಟ್ಟು ಚಿತ್ರವಾಗಿಸಿದ್ದರು. ಸ್ಕ್ಯಾನರ್ ದಾನವಾಗಿ ಬಂದದ್ದು. ಅದರ ಚಾಲಕ ತಂತ್ರಾಂಶವು ಒಂದು ಹಳೆಯ ಕಾರ್ಯಾಚರಣ ವ್ಯವಸ್ಥೆಗೆ ಮಾತ್ರ ಲಭ್ಯವಿದ್ದು, ತಯಾರಕರು ಅದನ್ನು ಮುಂದುವರಿಸಿಲ್ಲ. ಆದ್ದರಿಂದ ಯಂತ್ರವೂ ಹಳೆಯದೇ, ವ್ಯವಸ್ಥೆಯೂ ಹಳೆಯದೇ: ಸೆಂಟ್‌ಓಎಸ್ 7.

ಚಿತ್ರಗಳಾದರೆ ಸಾಲದು, ಅವುಗಳೊಳಗಿನ ಪದಗಳನ್ನು ಹುಡುಕುವಂತಾಗಬೇಕು ಎಂಬುದು ಸಂಘದ ಆಸೆ. ಅದಕ್ಕೆ ಟೆಸರ್ಯಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ. 1985ರಿಂದ 1994ರವರೆಗೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ರೂಪುಗೊಂಡು, 2005ರಲ್ಲಿ ಮುಕ್ತವಾದ ಈ ತಂತ್ರಾಂಶ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುತ್ತದೆ. ಅಚ್ಚಿನ ಕನ್ನಡವನ್ನೂ ಓದುತ್ತದೆ. ಅದರ 5ನೆಯ ಸರಣಿಯನ್ನು ಆ ಯಂತ್ರದಲ್ಲಿ ನೆಲೆಗೊಳಿಸಿಕೊಡುವುದಾಗಿ ನಾನು ಒಪ್ಪಿಕೊಂಡೆ. ಒಂದು ಸಂಜೆಯ ಕೆಲಸವೆಂದುಕೊಂಡದ್ದು ಮೂರು ವಾರ ಹಿಡಿಯಿತು. ಆ ಮೂರು ವಾರಗಳಲ್ಲಿ ಕಲಿತದ್ದನ್ನು ಇಂಥದೇ ಯಂತ್ರವೊಂದರ ಮುಂದೆ ಕುಳಿತಿರುವ ಓದುಗರಿಗಾಗಿ ಇಲ್ಲಿ ಕ್ರಮವಾಗಿ ವಿವರಿಸುತ್ತೇನೆ.

‘ಹಳೆಯದು’ ಎಂಬುದರ ಅರ್ಥ

ಸೆಂಟ್‌ಓಎಸ್ 7 ಬಿಡುಗಡೆಯಾದದ್ದು 2014ರ ಜುಲೈನಲ್ಲಿ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರ ಸೋರ್ಸ್ ಕೋಡಿನಿಂದ ಮರುನಿರ್ಮಿಸಿದ ವ್ಯವಸ್ಥೆ ಅದು. ಅದರ ಪೋಷಣೆ 2024ರ ಜೂನ್ 30ಕ್ಕೆ ಮುಗಿಯಿತು. ಅದರೊಳಗೆ ಕರ್ನಲ್ 3.10, ಜಿಸಿಸಿ ಕಂಪೈಲರ್ 4.8.5, ಸಿ ಭಾಷೆಯ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.17, ಪೈಥಾನ್ 2.7.5, ಸಿಮೇಕ್ 2.8.12, ಗಿಟ್ 1.8.3.1 ಇವೆ.

ಈ ಅಂಕಿಗಳನ್ನು ಕಂಡು ಇದು ಯಾರದೋ ಅಲಕ್ಷ್ಯ ಎಂದುಕೊಳ್ಳಬಾರದು. ಇಂಥ ವ್ಯವಸ್ಥೆಗಳು ಬಿಡುಗಡೆಯ ಹೊತ್ತಿಗೆ ಇದ್ದ ಆವೃತ್ತಿಗಳನ್ನು ಬಹುಮಟ್ಟಿಗೆ ಹಾಗೆಯೇ ಸ್ಥಿರಗೊಳಿಸುತ್ತವೆ; ಮುಂದಿನ ಹತ್ತು ವರ್ಷ ಭದ್ರತಾ ದೋಷಗಳನ್ನು ತಿದ್ದುತ್ತವೆಯೇ ಹೊರತು ಹೊಸ ಸೌಲಭ್ಯಗಳನ್ನು ತುಂಬುವುದಿಲ್ಲ. ಬ್ಯಾಂಕು, ಪ್ರಯೋಗಾಲಯ, ಕಾರ್ಖಾನೆಗಳಿಗೆ ಬೇಕಾದದ್ದು ಈ ಅಚಲತೆಯೇ. ಆದರೆ ಹೊರಗಿನ ಜಗತ್ತು ನಿಂತಿರುವುದಿಲ್ಲ. ಹೊಸ ತಂತ್ರಾಂಶದ ಕರ್ತೃಗಳು ಹೊಸ ಕಂಪೈಲರ್, ಹೊಸ ಲೈಬ್ರರಿ, ಹೊಸ ಭದ್ರತಾ ಕ್ರಮಗಳನ್ನು ನಂಬಿ ಬರೆಯುತ್ತಾರೆ. ನಿಂತದ್ದೂ ಚಲಿಸುವುದೂ ಎಲ್ಲಿ ತಾಗುತ್ತವೆಯೋ ಅಲ್ಲಿ ಬಿಲ್ಡ್ ಮುರಿಯುತ್ತದೆ.

ಮಾಡಬಾರದ ಮೊದಲ ಕೆಲಸ, ನಾನು ಮಾಡಿದ್ದು

ಬಿಲ್ಡ್ ಮಾಡುವ ಶ್ರಮವೇಕೆಂದು ನಾನು ಮೊದಲು ಬೇರೆಯವರು ಸಿದ್ಧಪಡಿಸಿದ್ದ ಪ್ರೋಗ್ರಾಮನ್ನೇ ತಂದು ಓಡಿಸಿದೆ. ಜಿಲಿಬ್‌ಸಿಯ 2.28ನೆಯ ಆವೃತ್ತಿ ಕಂಡುಬರಲಿಲ್ಲ ಎಂಬ ಒಂದು ಸಾಲಿನ ದೂರಿನೊಡನೆ ಅದು ನಿಂತುಹೋಯಿತು.

ಈ ದೂರಿನ ಹಿನ್ನೆಲೆ ಹೀಗೆ. ಜಿಲಿಬ್‌ಸಿಯಲ್ಲಿರುವ ಪ್ರತಿಯೊಂದು ಕಾರ್ಯಕ್ಕೂ ಒಂದು ಆವೃತ್ತಿ ಚೀಟಿ ಅಂಟಿಕೊಂಡಿರುತ್ತದೆ. ಹೊಸ ವ್ಯವಸ್ಥೆಯಲ್ಲಿ ಪ್ರೋಗ್ರಾಮನ್ನು ಲಿಂಕ್ ಮಾಡಿದಾಗ ಅಲ್ಲಿರುವ ಅತಿ ಹೊಸ ಚೀಟಿಗಳು ಅದರೊಳಗೆ ದಾಖಲಾಗುತ್ತವೆ. ಹೊಸ ಲೈಬ್ರರಿ ಹಳೆಯ ಚೀಟಿಗಳನ್ನೂ ಉಳಿಸಿಕೊಂಡಿರುವುದರಿಂದ ಹಳೆಯ ಪ್ರೋಗ್ರಾಂ ಹೊಸ ವ್ಯವಸ್ಥೆಯಲ್ಲಿ ಓಡುತ್ತದೆ. ಆದರೆ 2012ರ ಡಿಸೆಂಬರಿನಲ್ಲಿ ಹೊರಬಂದ 2.17ಕ್ಕೆ 2018ರ 2.28ರ ಚೀಟಿ ತಿಳಿದಿರಲು ಸಾಧ್ಯವಿಲ್ಲ. ಮೊಮ್ಮಗಳಿಗೆ ಅಜ್ಜಿಯ ಮಾತು ತಿಳಿಯುತ್ತದೆ, ಅಜ್ಜಿಗೆ ಮೊಮ್ಮಗಳ ಹೊಸ ಪದಗಳು ತಿಳಿಯವು. ಹೊರನಾಡಿನ ನಮ್ಮ ಮನೆಗಳಲ್ಲಿ ಇದು ತಿರುಗುಮುರುಗಾಗಿರುವುದು ಬೇರೆ ಮಾತು.

ಇದನ್ನು ಅರಿತೂ ನಾನು ಅವಸರಪಟ್ಟೆ. ಹೊಸ ಜಿಲಿಬ್‌ಸಿಯ ಕಡತವೊಂದನ್ನು ಬೇರೆಡೆಯಿಂದ ತಂದು, ವ್ಯವಸ್ಥೆಯ ಮೂಲ ಲೈಬ್ರರಿಯ ಕೊಂಡಿಯನ್ನು ಅದರತ್ತ ತಿರುಗಿಸಿದೆ. ಮರುಕ್ಷಣವೇ ಕಡತಗಳ ಪಟ್ಟಿ ತೋರಿಸುವ ಸರಳ ಆದೇಶವೂ ಕೆಲಸ ಮಾಡದಾಯಿತು. ವ್ಯವಸ್ಥೆಯ ಬಹುತೇಕ ಪ್ರತಿ ಪ್ರೋಗ್ರಾಮೂ ಆ ಒಂದು ಲೈಬ್ರರಿಯನ್ನು ಆಶ್ರಯಿಸಿರುತ್ತದೆ. ಪ್ರೋಗ್ರಾಮುಗಳನ್ನು ಸ್ಮೃತಿಗೆ ಏರಿಸುವ ಲೋಡರ್ ಮತ್ತು ಲೈಬ್ರರಿ ಒಂದೇ ಆವೃತ್ತಿಯ ಜೋಡಿಯಾಗಿರಬೇಕು. ಜೋಡಿ ಮುರಿಯಿತು, ಎಲ್ಲವೂ ನಿಂತಿತು. ಗಾಬರಿಯಲ್ಲಿ ತೆರೆದಿದ್ದ ಕಿಟಕಿಯನ್ನೂ ಮುಚ್ಚಿಬಿಟ್ಟೆ. ಮತ್ತೆ ಒಳಗೆ ಹೋಗಲು ದಾರಿಯೇ ಇರಲಿಲ್ಲ.

ಆಗ ನೆನಪಾಯಿತು: ಮೇಷ್ಟ್ರ ಹನ್ನೊಂದು ತಿಂಗಳ ಚಿತ್ರಗಳು ಆ ಡಿಸ್ಕಿನಲ್ಲಿ ಮಾತ್ರ ಇದ್ದವು.

ಆ ರಾತ್ರಿ ಯುಎಸ್‌ಬಿ ಕಡ್ಡಿಯಿಂದ ಬೇರೊಂದು ಲಿನಕ್ಸನ್ನು ಎಬ್ಬಿಸಿ, ಹಳೆಯ ಡಿಸ್ಕನ್ನು ಜೋಡಿಸಿ, ಮೊದಲು ಎಲ್ಲ ಚಿತ್ರಗಳನ್ನು ಎರಡು ಪ್ರತ್ಯೇಕ ಡಿಸ್ಕುಗಳಿಗೆ ನಕಲು ಮಾಡಿಕೊಂಡೆ. ಬಳಿಕ ಕೊಂಡಿಯನ್ನು ಮತ್ತೆ 2.17ರ ಕಡತದತ್ತ ತಿರುಗಿಸಿದೆ. ಯಂತ್ರ ಎದ್ದು ಕುಳಿತಿತು. ಚಿತ್ರಗಳಿಗೆ ಏನೂ ಆಗಿರಲಿಲ್ಲ. ಆದರೆ ಅದನ್ನು ಖಚಿತಪಡಿಸಿಕೊಳ್ಳುವವರೆಗಿನ ಎರಡು ಗಂಟೆಗಳನ್ನು ನಾನು ಮರೆಯಲಾರೆ. ಮರುದಿನ ಮೇಷ್ಟ್ರಿಗೆ ನಡೆದದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಮ್ಮ, ಈಗ ಮೂರು ಪ್ರತಿ ಆಯಿತಲ್ಲ” ಎಂದರು.

ಇದೇ ತಪ್ಪು ಮಾಡಿದವರಿಗೆ ಒಂದು ಮಾತು: ಕೆಲಸ ಮಾಡುತ್ತಿರುವ ಕಿಟಕಿಯನ್ನು ಮುಚ್ಚಬೇಡಿ. ಕೊಂಡಿ ಸರಿಪಡಿಸಲೆಂದೇ ಯಾವ ಲೈಬ್ರರಿಯನ್ನೂ ಆಶ್ರಯಿಸದ ‘ಎಸ್‌ಎಲ್‌ಎನ್’ ಎಂಬ ಪುಟ್ಟ ಪ್ರೋಗ್ರಾಂ ಜಿಲಿಬ್‌ಸಿಯ ಜೊತೆಯಲ್ಲೇ ಬಂದಿರುತ್ತದೆ. ತೆರೆದ ಕಿಟಕಿಯಲ್ಲಿ ಅದರಿಂದ ಒಂದು ಸಾಲಿನಲ್ಲಿ ಹಳೆಯ ಸ್ಥಿತಿಗೆ ಮರಳಬಹುದಿತ್ತು. ಇನ್ನೂ ಮುಖ್ಯವಾದ ಮಾತು: ಹಳೆಯ ವ್ಯವಸ್ಥೆಯ ಜಿಲಿಬ್‌ಸಿಯನ್ನು ಎಂದಿಗೂ ಬದಲಿಸಬೇಡಿ. ಬದಲಿಸಬೇಕಾದದ್ದು ಅದರ ಮೇಲೆ ಕಟ್ಟುವ ವಿಧಾನ.

ಸೋಲು ಒಂದಲ್ಲ, ಐದು

‘ಬಿಲ್ಡ್ ಆಗಲಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಐದು ಬೇರೆ ಬೇರೆ ಸೋಲುಗಳು ಅಡಗಿರುತ್ತವೆ. ಸೋರ್ಸ್ ಕೋಡನ್ನು ತರುವುದು, ಪರಿಸರವನ್ನು ಪರೀಕ್ಷಿಸುವುದು, ಕಂಪೈಲ್ ಮಾಡುವುದು, ಲಿಂಕ್ ಮಾಡುವುದು, ಓಡಿಸುವುದು: ಇವು ಐದು ಹಂತಗಳು. ಎಲ್ಲಿ ಮುರಿಯಿತೆಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ಲಿಂಕರಿನ ದೂರಿಗೆ ಕಂಪೈಲರ್ ಬದಲಿಸುವುದು ಹಲ್ಲುನೋವಿಗೆ ಕನ್ನಡಕ ಕೊಂಡಂತೆ.

ಹಂತ ಗುರುತಿಸಲು ಎರಡು ಅಭ್ಯಾಸಗಳು ನೆರವಾಗುತ್ತವೆ. ಮೊದಲನೆಯದು, ಬಿಲ್ಡಿನ ಸಂಪೂರ್ಣ ಹೊರಹರಿವನ್ನು ಒಂದು ಕಡತದಲ್ಲಿ ಉಳಿಸುವುದು. ಎರಡನೆಯದು, ಆ ಕಡತದಲ್ಲಿ ಮೊಟ್ಟಮೊದಲ ದೋಷವನ್ನು ಹುಡುಕುವುದು. ಪರದೆಯ ಕೊನೆಯಲ್ಲಿ ಕಾಣುವ ಸಾಲು ಸಾಮಾನ್ಯವಾಗಿ ‘ಮೇಕ್’ ಪ್ರೋಗ್ರಾಂ ತಾನು ನಿಂತೆನೆಂದು ಹೇಳುವ ಸಾಲಷ್ಟೆ. ಕಾರಣ ನೂರಾರು ಸಾಲುಗಳ ಮೇಲಿರಬಹುದು. ಏಕಕಾಲಕ್ಕೆ ಹಲವು ಕಡತಗಳು ಕಂಪೈಲ್ ಆಗುತ್ತಿದ್ದರೆ ಹೊರಹರಿವು ಕಲಸಿಹೋಗುತ್ತದೆ. ಆದ್ದರಿಂದ ದೋಷ ಹುಡುಕುವಾಗ ಒಂದೊಂದೇ ಕಡತ ಸಾಗುವಂತೆ ಮಾಡಿ ಮತ್ತೆ ಓಡಿಸಬೇಕು.

ಮೊದಲ ಹಂತ: ತರುವುದು

ಹೊಸ ಕಂಪೈಲರನ್ನು ಪಡೆಯಲು ಪ್ಯಾಕೇಜುಗಳ ಭಂಡಾರವನ್ನು ಸಂಪರ್ಕಿಸಿದೆ. ಕನ್ನಡಿ ಸರ್ವರುಗಳ ಪಟ್ಟಿ ಕೊಡುವ ವಿಳಾಸವೇ ಸಿಗಲಿಲ್ಲವೆಂಬ ಉತ್ತರ ಬಂತು. ಅಂತರ್ಜಾಲ ಸಂಪರ್ಕ ಸರಿಯಾಗಿಯೇ ಇತ್ತು. ಪೋಷಣೆ ಮುಗಿದ ಮೇಲೆ ಸೆಂಟ್‌ಓಎಸ್ 7ರ ಕನ್ನಡಿ ಪಟ್ಟಿಯನ್ನು ನಿಲ್ಲಿಸಲಾಗಿದೆ, ಕೊನೆಯ 7.9 ಆವೃತ್ತಿಯ ಪ್ಯಾಕೇಜುಗಳು ‘ವಾಲ್ಟ್’ ಎಂಬ ಸಂಗ್ರಹಾಗಾರಕ್ಕೆ ಸ್ಥಳಾಂತರಗೊಂಡಿವೆ. ಭಂಡಾರಗಳ ಸಂರಚನಾ ಕಡತಗಳಲ್ಲಿ ಕನ್ನಡಿ ಪಟ್ಟಿಯ ಸಾಲನ್ನು ನಿಷ್ಕ್ರಿಯಗೊಳಿಸಿ, ಮೂಲ ವಿಳಾಸದ ಸಾಲಿನಲ್ಲಿ ವಾಲ್ಟನ್ನು ಸೂಚಿಸಿದರೆ ಸಾಕು. ಇಪೆಲ್ ಎಂಬ ಹೆಚ್ಚುವರಿ ಭಂಡಾರವೂ ಹಾಗೆಯೇ ಫೆಡೋರಾದ ಸಂಗ್ರಹಾಗಾರಕ್ಕೆ ಹೋಗಿದೆ. ಪ್ಯಾಕೇಜುಗಳ ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಆಯ್ಕೆಯನ್ನು ಮಾತ್ರ ಆರಿಸಬಾರದು. ಕಡತ ಯಾವ ದಾರಿಯಲ್ಲಿ ಬಂದರೂ ಅದು ಅಸಲಿಯೆಂದು ಹೇಳುವುದು ಆ ಸಹಿಯೇ.

ಎರಡನೆಯ ತಡೆ ಪ್ರಮಾಣಪತ್ರಗಳದ್ದು. ಸೋರ್ಸ್ ಕೋಡ್ ಇರುವ ತಾಣದ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಯಂತ್ರ ಹೇಳಿತು. ಅವಧಿ ಮುಗಿದಿದೆಯೆಂದರೆ ಅರ್ಥವಾಗುತ್ತದೆ, ಜಾರಿಗೆ ಬಂದಿಲ್ಲವೆಂದರೇನು? ಯಂತ್ರದ ಗಡಿಯಾರ ನೋಡಿದೆ. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತು, ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಕಾಲ ಹೊಂದಿಸುವ ಸೇವೆಯನ್ನು ಯಾರೋ ಆರಿಸಿದ್ದರು. ಬ್ಯಾಟರಿ ಬದಲಿಸಿ ದಿನಾಂಕ ಸರಿಪಡಿಸಿದೊಡನೆ ದೂರು ಮಾಯವಾಯಿತು. ಗಡಿಯಾರ ತಪ್ಪಿದ್ದರೆ ಮುಂದಿನ ಹಂತಗಳಲ್ಲಿಯೂ ತೊಂದರೆಯಿದೆ: ಯಾವ ಕಡತವನ್ನು ಮರುನಿರ್ಮಿಸಬೇಕೆಂದು ಮೇಕ್ ನಿರ್ಧರಿಸುವುದು ಕಡತಗಳ ಕಾಲಮುದ್ರೆ ನೋಡಿ. ಭವಿಷ್ಯದ ದಿನಾಂಕದ ಕಡತಗಳನ್ನು ಕಂಡರೆ ಅದರ ಲೆಕ್ಕ ತಪ್ಪುತ್ತದೆ.

ಗಡಿಯಾರ ಸರಿಯಿದ್ದೂ ಪ್ರಮಾಣಪತ್ರ ವಿಫಲವಾಗುವುದುಂಟು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರಗಳು ಆಧರಿಸಿದ್ದ ಹಳೆಯ ಮೂಲ ಪ್ರಮಾಣಪತ್ರವೊಂದರ ಅವಧಿ ಮುಗಿಯಿತು. ಹೊಸ ಮೂಲ ಪ್ರಮಾಣಪತ್ರ ಯಂತ್ರದಲ್ಲಿದ್ದರೂ ಓಪನ್‌ಎಸ್‌ಎಸ್‌ಎಲ್ 1.0.2 ಹಳೆಯದರ ಸರಪಳಿಯನ್ನೇ ಹಿಡಿದು ಹೋಗಿ, ಕೊನೆಯಲ್ಲಿ ಅವಧಿ ಮುಗಿದದ್ದನ್ನು ಕಂಡು ನಿರಾಕರಿಸುತ್ತಿತ್ತು. ಅಂದು ಪರಿಹಾರವಾದದ್ದು ಮೂಲ ಪ್ರಮಾಣಪತ್ರಗಳ ಪ್ಯಾಕೇಜನ್ನು ನವೀಕರಿಸಿ ಹಳೆಯದನ್ನು ಪಟ್ಟಿಯಿಂದ ತೆಗೆದದ್ದು. ಇಂಥ ಹೊತ್ತಿನಲ್ಲಿ ಪರೀಕ್ಷೆಯನ್ನೇ ಆರಿಸಿಬಿಡೋಣ ಎನಿಸುವುದು ಸಹಜ. ಅದು ಬೀಗ ಕೆಟ್ಟಿದೆಯೆಂದು ಬಾಗಿಲನ್ನೇ ಕಿತ್ತಂತೆ. ಯಾವುದೂ ಕೈಗೂಡದಿದ್ದರೆ ಸೋರ್ಸ್ ಕೋಡನ್ನು ಹೊಸ ಯಂತ್ರದಲ್ಲಿ ಇಳಿಸಿಕೊಂಡು, ಅದರ ಶಾ-256 ಮೊತ್ತವನ್ನು ತಾಳೆ ನೋಡಿ, ಯುಎಸ್‌ಬಿ ಕಡ್ಡಿಯಲ್ಲಿ ತರುವುದು ಸುರಕ್ಷಿತ.

ಎರಡನೆಯ ಹಂತ: ಪರಿಸರದ ಪರೀಕ್ಷೆ

ಬಹುಪಾಲು ತಂತ್ರಾಂಶಗಳು ಕಂಪೈಲ್‌ಗೆ ಮುನ್ನ ‘ಕಾನ್ಫಿಗರ್’ ಅಥವಾ ಸಿಮೇಕ್ ಮೂಲಕ ಯಂತ್ರವನ್ನು ತಪಾಸಣೆ ಮಾಡುತ್ತವೆ. ಟೆಸರ್ಯಾಕ್ಟ್ ಚಿತ್ರಗಳನ್ನು ಓದಲು ಲೆಪ್ಟೋನಿಕಾ ಎಂಬ ಲೈಬ್ರರಿಯನ್ನು ಆಶ್ರಯಿಸಿದೆ; ಅದರ 1.74 ಅಥವಾ ಅದಕ್ಕಿಂತ ಹೊಸ ಆವೃತ್ತಿ ಬೇಕು. ಇಪೆಲ್‌ನಲ್ಲಿದ್ದದ್ದು ಅದಕ್ಕಿಂತ ಹಳೆಯದು. ಹಾಗಾಗಿ ಮೊದಲು ಲೆಪ್ಟೋನಿಕಾವನ್ನು ಕಟ್ಟಿದೆ. ಅದು ಸಿ ಭಾಷೆಯಲ್ಲಿದೆ. ಹಳೆಯ ಕಂಪೈಲರಿನಲ್ಲೇ ಯಾವ ತಕರಾರೂ ಇಲ್ಲದೆ ಕಂಪೈಲಾಯಿತು.

ಆದರೂ ಟೆಸರ್ಯಾಕ್ಟಿನ ತಪಾಸಣೆ ಲೆಪ್ಟೋನಿಕಾ ಇಲ್ಲವೆಂದೇ ವಾದಿಸಿತು. ನಾನು ಕಟ್ಟಿದ್ದು ‘ಯುಎಸ್ಆರ್ ಲೋಕಲ್’ ಕೋಶದಲ್ಲಿತ್ತು. ರೆಡ್ ಹ್ಯಾಟ್ ಕುಟುಂಬದ ವ್ಯವಸ್ಥೆಗಳಲ್ಲಿ ಲೈಬ್ರರಿಗಳ ವಿವರ ಹುಡುಕುವ ಪಿಕೆಜಿ-ಕಾನ್ಫಿಗ್ ಆ ಕೋಶವನ್ನು ತಾನಾಗಿ ನೋಡುವುದಿಲ್ಲ. ಅದರ ಹುಡುಕುದಾರಿಯ ಪರಿಸರ ಚಲಕದಲ್ಲಿ ಆ ಕೋಶವನ್ನು ಸೇರಿಸಿದೊಡನೆ ವಾದ ಮುಗಿಯಿತು. ‘ಇಲ್ಲ’ ಎಂದು ತಪಾಸಣೆ ಹೇಳಿದಾಗ ‘ನಾನು ನೋಡಿದ ಜಾಗದಲ್ಲಿ ಇಲ್ಲ’ ಎಂದು ಓದಿಕೊಳ್ಳಬೇಕು. ಎಲ್ಲೆಲ್ಲಿ ನೋಡಿತೆಂಬ ವಿವರ ಕಾನ್ಫಿಗರಿನ ದಿನಚರಿ ಕಡತದಲ್ಲಿರುತ್ತದೆ.

ತಪಾಸಣೆಯ ಇನ್ನೊಂದು ಅಪಾಯ ಅದರ ಮೌನ. ಲೈಬ್ರರಿಯೊಂದು ಯಂತ್ರದಲ್ಲಿದ್ದರೂ ಅದರ ಹೆಡರ್ ಕಡತಗಳು ‘ಡೆವೆಲ್’ ಎಂದು ಕೊನೆಗೊಳ್ಳುವ ಪ್ರತ್ಯೇಕ ಪ್ಯಾಕೇಜಿನಲ್ಲಿರುತ್ತವೆ. ನಮ್ಮ ಯಂತ್ರದಲ್ಲಿ ಟಿಫ್ ಚಿತ್ರಗಳ ಡೆವೆಲ್ ಪ್ಯಾಕೇಜ್ ಇರಲಿಲ್ಲ. ಲೆಪ್ಟೋನಿಕಾದ ತಪಾಸಣೆ ಅದಕ್ಕಾಗಿ ನಿಲ್ಲಲಿಲ್ಲ. ಟಿಫ್ ಬೆಂಬಲವಿಲ್ಲದೆಯೇ ಮುಂದೆ ಸಾಗಿತು. ಬಿಲ್ಡ್ ಯಶಸ್ವಿಯಾಯಿತು. ಆದರೆ ಮೇಷ್ಟ್ರ ಚಿತ್ರಗಳೆಲ್ಲ ಟಿಫ್. ಎರಡು ದಿನಗಳ ಬಳಿಕ ಟೆಸರ್ಯಾಕ್ಟ್ ಒಂದು ಚಿತ್ರವನ್ನೂ ತೆರೆಯದಿದ್ದಾಗ ಕಾರಣ ತಿಳಿಯಿತು. ತಪಾಸಣೆ ಮುಗಿದಾಗ ಬರುವ ಸಾರಾಂಶವನ್ನು ಸಾಲುಸಾಲಾಗಿ ಓದುವುದನ್ನು ಅಂದಿನಿಂದ ರೂಢಿಸಿಕೊಂಡಿದ್ದೇನೆ. ಟೆಸರ್ಯಾಕ್ಟಿಗೆ ಆವೃತ್ತಿ ಕೇಳಿದರೆ ತನ್ನೊಡನೆ ಯಾವ ಚಿತ್ರ ಲೈಬ್ರರಿಗಳಿವೆಯೆಂದು ಅದೇ ಹೇಳುತ್ತದೆ. ಕೆಲಸಕ್ಕೆ ಮುನ್ನ ಕೇಳಿ ನೋಡುವುದು ಒಳಿತು.

ಮೂರನೆಯ ಹಂತ: ಕಂಪೈಲ್

ಟೆಸರ್ಯಾಕ್ಟ್ 5 ಬರೆದಿರುವುದು ಸಿ++17 ಎಂಬ ಮಾನಕದಲ್ಲಿ. ಸಿ++ ಭಾಷೆಯ ಮಾನಕ ಕೆಲವು ವರ್ಷಗಳಿಗೊಮ್ಮೆ ಪರಿಷ್ಕಾರಗೊಳ್ಳುತ್ತದೆ: 2011, 2014, 2017. ಜಿಸಿಸಿ 4.8 ಅರಿತಿರುವುದು 2011ರ ಮಾನಕವನ್ನು. ಆರು ವರ್ಷ ಮುಂದಿನ ಭಾಷೆಯನ್ನು ಅದಕ್ಕೆ ಓದಲು ಕೊಟ್ಟರೆ ಒಂದೋ ತಪಾಸಣೆಯಲ್ಲೇ ತಡೆ ಬೀಳುತ್ತದೆ, ಇಲ್ಲವೇ ಅರ್ಥವಾಗದ ವಾಕ್ಯರಚನೆಯ ದೋಷಗಳು ಸಾಲುಗಟ್ಟುತ್ತವೆ. ಸೋರ್ಸ್ ಕೋಡನ್ನು ಅಲ್ಲಲ್ಲಿ ತಿದ್ದಿ ಹಳೆಯ ಕಂಪೈಲರಿಗೆ ಹೊಂದಿಸುತ್ತೇನೆಂಬ ಮೋಹಕ್ಕೆ ಬೀಳಬಾರದು. ಒಂದನ್ನು ತಿದ್ದಿದರೆ ಹತ್ತು ಎದುರಾಗುತ್ತವೆ.

ಸರಿಯಾದ ದಾರಿ ಡೆವ್‌ಟೂಲ್‌ಸೆಟ್. ರೆಡ್ ಹ್ಯಾಟ್ ರೂಪಿಸಿದ ಈ ಪ್ಯಾಕೇಜು ಹೊಸ ಜಿಸಿಸಿಯನ್ನು ‘ಆಪ್ಟ್’ ಕೋಶದೊಳಗೆ ಪ್ರತ್ಯೇಕವಾಗಿ ಇರಿಸುತ್ತದೆ; ಮೂಲ ಕಂಪೈಲರನ್ನು ಮುಟ್ಟುವುದಿಲ್ಲ. ಡೆವ್‌ಟೂಲ್‌ಸೆಟ್ 11ರಲ್ಲಿ ಜಿಸಿಸಿ 11 ಇದೆ. ಅದರ ಜಾಣ್ಮೆ ಇನ್ನೊಂದರಲ್ಲಿದೆ: ಹಳೆಯ ಸಿ++ ಲೈಬ್ರರಿಯಲ್ಲಿಲ್ಲದ ಹೊಸ ಭಾಗಗಳನ್ನು ಮಾತ್ರ ನಮ್ಮ ಪ್ರೋಗ್ರಾಮಿನೊಳಗೆ ಸೇರಿಸಿ, ಉಳಿದುದಕ್ಕೆ ವ್ಯವಸ್ಥೆಯ ಲೈಬ್ರರಿಯನ್ನೇ ಬಳಸುತ್ತದೆ. ಆದ್ದರಿಂದ ಕಟ್ಟಿದ್ದು ಯಾವ ಹೊಸ ಲೈಬ್ರರಿಯ ಹಂಗೂ ಇಲ್ಲದೆ ಸೆಂಟ್‌ಓಎಸ್ 7ರಲ್ಲಿ ಓಡುತ್ತದೆ. ಜಿಲಿಬ್‌ಸಿಯೂ 2.17 ಆಗಿಯೇ ಉಳಿಯುತ್ತದೆ.

ಇಲ್ಲಿಯೂ ನಾನು ಒಂದು ದಿನ ಕಳೆದುಕೊಂಡೆ. ಡೆವ್‌ಟೂಲ್‌ಸೆಟ್ ಸಕ್ರಿಯವಾಗುವುದು ಅದನ್ನು ಕರೆದ ಶೆಲ್‌ನಲ್ಲಿ ಮಾತ್ರ. ಮರುದಿನ ಹೊಸ ಕಿಟಕಿ ತೆರೆದು ಕೆಲಸ ಮುಂದುವರಿಸಿದಾಗ ಮತ್ತೆ 4.8.5 ಬಂದು ಕುಳಿತಿತ್ತು. ಅದನ್ನು ಅರಿತು ಸಕ್ರಿಯಗೊಳಿಸಿದ ಮೇಲೂ ಅದೇ ದೋಷ, ಏಕೆಂದರೆ ಮೊದಲ ಸಲ ಕಂಡ ಕಂಪೈಲರಿನ ವಿವರವನ್ನು ತಪಾಸಣೆ ಆಗಲೇ ಬರೆದಿಟ್ಟುಕೊಂಡಿತ್ತು. ಕಂಪೈಲರ್ ಬದಲಿಸಿದಾಗ ಬಿಲ್ಡ್ ಕೋಶವನ್ನು ಪೂರ್ತಿ ಅಳಿಸಿ ಮೊದಲಿನಿಂದ ಆರಂಭಿಸಬೇಕು.

ಬಳಿಕ ಬಂದದ್ದು ವಿಚಿತ್ರ ದೋಷ: ಕಂಪೈಲರಿನ ಆಂತರಿಕ ದೋಷ, ಪ್ರಕ್ರಿಯೆಯನ್ನು ಕೊಲ್ಲಲಾಗಿದೆ. ಕಂಪೈಲರೇ ಕೆಟ್ಟಿದೆಯೆಂದು ಅದನ್ನು ಮತ್ತೆ ಅನುಸ್ಥಾಪಿಸಿದರೆ ಪ್ರಯೋಜನವಿಲ್ಲ. ಯಂತ್ರದ ಸ್ಮೃತಿ 2 ಗಿಗಾಬೈಟ್. ನಾನು ಏಕಕಾಲಕ್ಕೆ ನಾಲ್ಕು ಕಡತಗಳನ್ನು ಕಂಪೈಲ್ ಮಾಡಲು ಹೇಳಿದ್ದೆ. ಸ್ಮೃತಿ ಬರಿದಾದಾಗ ಕರ್ನಲ್ ಅತಿ ಹೆಚ್ಚು ಬಳಸುತ್ತಿರುವ ಪ್ರಕ್ರಿಯೆಯನ್ನು ಆರಿಸಿ ಕೊಲ್ಲುತ್ತದೆ. ಕರ್ನಲ್‌ನ ಸಂದೇಶ ಪಟ್ಟಿಯಲ್ಲಿ ಅದರ ದಾಖಲೆ ಸಿಕ್ಕಿತು. ಒಂದೊಂದೇ ಕಡತವೆಂದು ಹೇಳಿ, ಡಿಸ್ಕಿನಲ್ಲಿ ಸ್ವಲ್ಪ ಸ್ವಾಪ್ ಜಾಗ ಕೊಟ್ಟು, ಮನೆಗೆ ಹೋದೆ. ಬೆಳಗ್ಗೆ ಬಂದಾಗ ಕಂಪೈಲ್ ಮುಗಿದಿತ್ತು.

ನಾಲ್ಕು ಮತ್ತು ಐದನೆಯ ಹಂತ: ಲಿಂಕ್ ಮತ್ತು ಓಟ

ಲಿಂಕರಿನ ಸಾಮಾನ್ಯ ದೂರು ‘ನಿರೂಪಣೆಯಿಲ್ಲದ ಉಲ್ಲೇಖ’. ಹೆಡರಿನಲ್ಲಿ ಹೆಸರಿದೆ, ಲೈಬ್ರರಿಯಲ್ಲಿ ವಸ್ತುವಿಲ್ಲ ಎಂದರ್ಥ. ಹಳೆಯ ವ್ಯವಸ್ಥೆಯಲ್ಲಿ ಇದಕ್ಕೆ ಎರಡು ಕಾರಣಗಳು ಮುಖ್ಯ. ಒಂದು, ಒಂದೇ ಲೈಬ್ರರಿಯ ಎರಡು ಆವೃತ್ತಿಗಳಿದ್ದು, ಹೆಡರ್ ಹೊಸದರಿಂದಲೂ ಲೈಬ್ರರಿ ಹಳೆಯದರಿಂದಲೂ ಆಯ್ಕೆಯಾಗಿರುವುದು. ಹಳೆಯ ಡೆವೆಲ್ ಪ್ಯಾಕೇಜನ್ನು ತೆಗೆದರೆ ಗೊಂದಲ ನೀಗುತ್ತದೆ. ಇನ್ನೊಂದು ಸಿ++ಗೆ ವಿಶಿಷ್ಟವಾದುದು: ಜಿಸಿಸಿ 5ರಿಂದ ಪಠ್ಯದ ಸ್ಟ್ರಿಂಗ್‌ಗಳ ಆಂತರಿಕ ರಚನೆ ಬದಲಾಗಿದೆ. ಸೆಂಟ್‌ಓಎಸ್ 7ರ ಡೆವ್‌ಟೂಲ್‌ಸೆಟ್ ಹೊಂದಾಣಿಕೆಗಾಗಿ ಹಳೆಯ ರಚನೆಯನ್ನೇ ಉಳಿಸಿಕೊಂಡಿದೆ. ಬೇರೆ ವ್ಯವಸ್ಥೆಯಲ್ಲಿ ಕಟ್ಟಿದ ಸಿ++ ಲೈಬ್ರರಿಯನ್ನು ತಂದು ಇದರೊಡನೆ ಬೆರೆಸಿದರೆ ‘ಸಿಎಕ್ಸ್ಎಕ್ಸ್11’ ಎಂಬ ಗುರುತುಳ್ಳ ಹೆಸರುಗಳು ಸಿಗಲಿಲ್ಲವೆಂಬ ದೂರು ಬರುತ್ತದೆ. ಆ ಗುರುತು ಕಂಡರೆ ಎಲ್ಲವನ್ನೂ ಒಂದೇ ಕಂಪೈಲರಿನಲ್ಲಿ ಕಟ್ಟಬೇಕೆಂದು ತಿಳಿಯಿರಿ.

ಲಿಂಕ್ ಆದಮೇಲೂ ಪ್ರೋಗ್ರಾಂ ಓಡದಿರಬಹುದು. ನನ್ನ ಟೆಸರ್ಯಾಕ್ಟ್ ಮೊದಲ ಓಟದಲ್ಲೇ ಲೆಪ್ಟೋನಿಕಾ ಕಾಣಲಿಲ್ಲವೆಂದಿತು. ಕಟ್ಟುವಾಗಿನ ಹುಡುಕುದಾರಿ ಬೇರೆ, ಓಡುವಾಗಿನ ಹುಡುಕುದಾರಿ ಬೇರೆ. ಲೋಡರಿನ ಸಂರಚನಾ ಕೋಶದಲ್ಲಿ ‘ಯುಎಸ್ಆರ್ ಲೋಕಲ್ ಲಿಬ್’ ಎಂಬ ದಾರಿಯುಳ್ಳ ಒಂದು ಸಾಲಿನ ಕಡತವನ್ನಿಟ್ಟು ಎಲ್‌ಡಿ-ಕಾನ್ಫಿಗ್ ಓಡಿಸಿದರೆ ಸಾಕು. ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ, ಯಾವುದು ಕಾಣೆಯಾಗಿದೆ ಎಂದು ತೋರಿಸಲು ‘ಎಲ್‌ಡಿಡಿ’ ಎಂಬ ಸಾಧನವಿದೆ.

ಬೇರೆ ದಾರಿಗಳು

ಯಂತ್ರದ ಮೇಲೆಯೇ ಕಟ್ಟುವುದು ಸದಾ ಸರಿಯಾದ ಆಯ್ಕೆಯಲ್ಲ. ಹೊಸ ವ್ಯವಸ್ಥೆಯನ್ನು ಕಂಟೇನರಿನಲ್ಲಿ ಓಡಿಸಿದರೆ ಹೊಸ ಜಿಲಿಬ್‌ಸಿ ಅದರೊಳಗೇ ಇರುತ್ತದೆ, ಹಳೆಯದಕ್ಕೆ ಧಕ್ಕೆಯಿಲ್ಲ. ಆದರೆ ಕರ್ನಲ್ ಮಾತ್ರ ಹಳೆಯದೇ. ಕಂಟೇನರ್ ಕರ್ನಲ್ಲನ್ನು ತನ್ನೊಡನೆ ತರುವುದಿಲ್ಲ. 3.10ರಲ್ಲಿ ಇಲ್ಲದ ಕರ್ನಲ್ ಸೇವೆಗಳನ್ನು ಕೇಳುವ ಪ್ರೋಗ್ರಾಮುಗಳು ಅಲ್ಲಿಯೂ ಸೋಲುತ್ತವೆ. ಪ್ರೊಸೆಸರೂ ತಡೆಯಾಗಬಹುದು: ರೆಡ್ ಹ್ಯಾಟ್ 9ರ ಕುಟುಂಬವು ‘ಎಕ್ಸ್86-64-ವಿ2’ ಮಟ್ಟದ ಪ್ರೊಸೆಸರನ್ನು ಕಡ್ಡಾಯಗೊಳಿಸಿದೆ, ತೀರ ಹಳೆಯ ಯಂತ್ರದಲ್ಲಿ ಅದರ ಕಂಟೇನರ್ ಒಂದು ಹೆಜ್ಜೆಯೂ ಇಡುವುದಿಲ್ಲ.

ಇದನ್ನೇ ತಿರುಗಿಸಿ, ಹೊಸ ಯಂತ್ರದಲ್ಲಿ ಹಳೆಯ ವ್ಯವಸ್ಥೆಯ ಕಂಟೇನರಿಟ್ಟು ಅದರೊಳಗೆ ಕಟ್ಟಬಹುದು. ಪೈಥಾನ್ ಲೋಕದ ‘ಮೆನಿಲಿನಕ್ಸ್2014’ ಇದೇ ತತ್ತ್ವದ್ದು. ಸೆಂಟ್‌ಓಎಸ್ 7ರ ಮೇಲೆ, ಜಿಲಿಬ್‌ಸಿ 2.17ಕ್ಕೆ ಹೊಂದುವಂತೆ ಕಟ್ಟಿದ್ದು ಅದಕ್ಕಿಂತ ಹೊಸದಾದ ಜಿಲಿಬ್‌ಸಿ ವ್ಯವಸ್ಥೆಗಳಲ್ಲಿಯೂ ಓಡುತ್ತದೆ. ನಿಮ್ಮ ಹಳೆಯ ಯಂತ್ರ ದುರ್ಬಲವಾಗಿದ್ದರೆ ಇದು ನನ್ನ ದಾರಿಗಿಂತ ಸುಲಭ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಕೆಲಸ ಈ ಯಂತ್ರದಲ್ಲೇ ಆಗಬೇಕೇ? ನಮ್ಮಲ್ಲಿ ಸ್ಕ್ಯಾನರ್ ಅದಕ್ಕೆ ಕಟ್ಟುಬಿದ್ದಿತ್ತು. ಕೊಠಡಿಯಲ್ಲಿ ಬೇರೆ ಯಂತ್ರವಿರಲಿಲ್ಲ. ಪುಟ ತೆಗೆದ ಕೂಡಲೇ ಪಠ್ಯ ಸರಿಯಾಗಿ ಬಂದಿದೆಯೇ ಎಂದು ಮೇಷ್ಟ್ರು ನೋಡಬೇಕಿತ್ತು. ಇಲ್ಲದಿದ್ದರೆ ಆ ಜೀರ್ಣ ಪುಟವನ್ನು ಮತ್ತೊಮ್ಮೆ ಮುಟ್ಟಬೇಕಾಗುತ್ತಿತ್ತು. ಈ ಮೂರು ಕಾರಣಗಳಿಲ್ಲದಿದ್ದರೆ ನಾನು ಚಿತ್ರಗಳನ್ನು ಹೊಸ ಯಂತ್ರಕ್ಕೆ ಒಯ್ದು ಅಲ್ಲಿಯೇ ಪಠ್ಯ ತೆಗೆಯುತ್ತಿದ್ದೆ.

ಮೊದಲ ಪುಟ

ಕನ್ನಡದ ತರಬೇತಿ ದತ್ತಾಂಶ ಕಡತವನ್ನು ಅದರ ಕೋಶದಲ್ಲಿಟ್ಟು, ಮೊದಲ ಪುಟವನ್ನು ಕೊಟ್ಟೆ. ಟರ್ಮಿನಲ್ ಕಿಟಕಿಯಲ್ಲಿ ಕಂಡದ್ದು ಚದುರಿದ ಅಕ್ಷರ, ಬಿಡಿಯಾಗಿ ನಿಂತ ಕೊಂಬು, ಜಾಗ ತಪ್ಪಿದ ಒತ್ತು. ಮತ್ತೆ ಸೋತೆನೆಂದುಕೊಂಡೆ. ಬಳಿಕ ಹೊಳೆಯಿತು: ಬಹುತೇಕ ಟರ್ಮಿನಲ್‌ಗಳು ಕನ್ನಡದ ಸಂಯುಕ್ತಾಕ್ಷರಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಕಡತವನ್ನು ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದಾಗ ಸಾಲುಗಳು ನೆಟ್ಟಗೆ ನಿಂತಿದ್ದವು. ಥಕಾರ-ಧಕಾರಗಳು ಅಲ್ಲಲ್ಲಿ ಅದಲುಬದಲಾಗಿದ್ದವು, ಒತ್ತಕ್ಷರಗಳು ಕೆಲವೆಡೆ ಬಿಟ್ಟುಹೋಗಿದ್ದವು. ಆದರೂ ಓದಬಹುದಾದ, ಹುಡುಕಬಹುದಾದ ಕನ್ನಡ. ಕಣ್ಣಿಗೆ ಕಾಣುವುದೂ ಕಡತದಲ್ಲಿರುವುದೂ ಒಂದೇ ಅಲ್ಲವೆಂಬುದು ಕನ್ನಡದೊಡನೆ ಕೆಲಸ ಮಾಡುವವರು ನೆನಪಿಡಬೇಕಾದ ಸಂಗತಿ.

ಕೈಬರಹದ ಸಂಚಿಕೆಗಳಿಗೆ ಈ ವಿಧಾನ ಒದಗಲಿಲ್ಲ. ಅವುಗಳನ್ನು ಸದಸ್ಯರು ಹಂಚಿಕೊಂಡು ಬೆರಳಚ್ಚು ಮಾಡುತ್ತಿದ್ದಾರೆ.

ಬಿಲ್ಡ್ ಮುಗಿದ ದಿನವೇ ಯಂತ್ರದ ಜಾಲ ತಂತಿಯನ್ನು ಕಿತ್ತಿಟ್ಟೆ. ಭದ್ರತಾ ತಿದ್ದುಪಡಿಗಳು ನಿಂತಿರುವ ವ್ಯವಸ್ಥೆಯನ್ನು ಅಂತರ್ಜಾಲಕ್ಕೆ ತೆರೆದಿಡುವುದು ತರವಲ್ಲ. ಈಗ ಪಠ್ಯವೂ ಚಿತ್ರವೂ ಯುಎಸ್‌ಬಿ ಡಿಸ್ಕಿನಲ್ಲಿ ಹೊರಬರುತ್ತವೆ. ಬಳಸಿದ ಪ್ಯಾಕೇಜುಗಳು, ಸೋರ್ಸ್ ಕೋಡಿನ ಆವೃತ್ತಿಗಳು, ಕೊಟ್ಟ ಆದೇಶಗಳು ಎಲ್ಲವನ್ನೂ ಅದೇ ಡಿಸ್ಕಿನಲ್ಲಿ ಇಟ್ಟಿದ್ದೇನೆ, ಆದೇಶಗಳ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಕಪಾಟಿಗೂ ಅಂಟಿಸಿದ್ದೇನೆ. ಈ ಯಂತ್ರ ಒಂದು ದಿನ ಏಳದೆ ಹೋಗುತ್ತದೆ. ಆಗ ಬರುವವರು ನನ್ನ ಮೂರು ವಾರಗಳನ್ನು ಮತ್ತೆ ಕಳೆಯಬೇಕಿಲ್ಲ.

ಮೊದಲ ಪುಟದ ಪಠ್ಯವನ್ನು ಮೇಷ್ಟ್ರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು ಎರಡು ಸಾಲು ಓದಿದರು. ಬಳಿಕ ಕೆಂಪು ಶಾಯಿಯ ಪೆನ್ನು ಕೇಳಿದರು.